ಬೋರ್ಡಿನ ಮೇಲಿನ ಸೀರೆ

ನಮ್ಮಪ್ಪನಿಗೆ ಒಂದು ಅಭ್ಯಾಸವಿತ್ತು. ಬಟ್ಟೆ ಅಂತ ಏನೇ ಕಣ್ಣಿಗೆ ಬಿದ್ದರೂ ಅದರ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಉಜ್ಜಿ ನೋಡಬೇಕು. ನಾರಾಯಣಪೇಟೆಯ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವನು ಅಂಗಡಿಯೊಳಗೆ ಹೀಗೆ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಅಪ್ಪ ಹೊರಗೂ ಬಿಡುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಶಲ್ಯ ಉಜ್ಜುತ್ತಿದ್ದ, ಬ್ಯಾಂಕಿನ ಕಿಟಕಿ ಪರದೆ ಉಜ್ಜುತ್ತಿದ್ದ. ಒಮ್ಮೆ ದವಾಖಾನೆಯಲ್ಲಿ, ತನ್ನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಗ್ಗಿದ್ದ ಡಾಕ್ಟರರ ಬಿಳಿ ಕೋಟಿನ ಅಂಚು ಹಿಡಿದು, "ಮಿಕ್ಸ್ ಐತ್ರೀ ಇದು" ಎಂದುಬಿಟ್ಟ. ಡಾಕ್ಟರರು ಅವನ ರಕ್ತದ ಒತ್ತಡವನ್ನು ಮತ್ತೊಮ್ಮೆ ನೋಡಿದರು.

ಮಾಲು ಒಳ್ಳೆಯದಿದ್ದರೆ ಕಣ್ಣು ಬಿಟ್ಟು ಒಂದೇ ಮಾತು ಹೇಳುತ್ತಿದ್ದ: "ಎರಡು ಸಲ ಒಗೀರಿ, ಇನ್ನಾ ಮೆತ್ತಗಾಗ್ತೈತಿ." ಅವನು ಮಾರುತ್ತಿದ್ದದ್ದು ಹೆಚ್ಚಾಗಿ ನಮ್ಮೂರ ನೂಲಿನ ಸೀರೆ. ಹೊಸತರಲ್ಲಿ ಗಂಜಿಗೆ ಬಿರುಸಾಗಿರುತ್ತದೆ, ಒಗೆದಂತೆ ಒಗೆದಂತೆ ಮೈಗೆ ಒಗ್ಗುತ್ತದೆ. ಮಾಲು ಚೆನ್ನಾಗಿರದಿದ್ದರೆ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಮಡಚಿ, ಅದರ ಮೇಲೆ ಇನ್ನೊಂದು ಸೀರೆ ಇಟ್ಟು ಮುಚ್ಚಿಬಿಡುತ್ತಿದ್ದ. ಆ ಮೌನ ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.

ಇಂಥ ಮನುಷ್ಯನ ಮಗಳಾದ ನಾನು ಬಟ್ಟೆಯ ಕಡೆ ತಿರುಗಿಯೂ ನೋಡದೆ ಬೆಳೆದೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಗದ್ವಾಲದಲ್ಲಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನನಗೊಂದು ಪೆನ್ ಟ್ಯಾಬ್ಲೆಟ್ ತಂದುಕೊಟ್ಟಳು. ಕರಿಯ ಹಲಗೆಯಂಥದ್ದು, ಅದರ ಮೇಲೆ ಪೆನ್ನು ಆಡಿಸಿದರೆ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೂಡುತ್ತದೆ. ಅವ್ವ ಅದನ್ನು ಸ್ಲೇಟು ಎಂದು ಕರೆದಳು. ಆಯುಧಪೂಜೆಯ ದಿನ ಕತ್ತರಿ, ಗಜಕಡ್ಡಿ, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಅದನ್ನೂ ಇಟ್ಟು, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಹಚ್ಚಿದಳು. ಮರುದಿನದಿಂದ ಪೆನ್ನು ವಿಭೂತಿ ಇದ್ದ ಜಾಗಕ್ಕೆ ಬಂದಾಗಲೆಲ್ಲ ನಿಂತುಬಿಡುತ್ತಿತ್ತು. ಅವ್ವನ ಪ್ರಕಾರ ಅದು ಭಕ್ತಿ.

ಬಣ್ಣ ತುಂಬುವುದನ್ನು ನಾನು ವಿಡಿಯೋಗಳಿಂದ ಕಲಿತೆ. ಅವುಗಳಲ್ಲಿ ಹೇಳಿಕೊಡುತ್ತಿದ್ದವರೆಲ್ಲ ಬರೆಯುತ್ತಿದ್ದದ್ದು ಒಂದೇ: ಕಬ್ಬಿಣದ ಕವಚ ತೊಟ್ಟ ಯುದ್ಧಕನ್ಯೆಯರು. ಮೊದಲು ಗೆರೆ, ಆಮೇಲೆ ಚಪ್ಪಟೆ ಬಣ್ಣ, ಅದರ ಮೇಲೆ ಬೇರೆ ಲೇಯರಿನಲ್ಲಿ ನೆರಳು, ಅದರ ಮೇಲೆ ಇನ್ನೊಂದು ಲೇಯರಿನಲ್ಲಿ ಬೆಳಕು. ಲೇಯರ್ ಅಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳೆಂದು ತಿಳಿಯಿರಿ. ಮೇಲಿನದನ್ನು ಕೆಡಿಸಿದರೂ ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಕೊನೆಗೆ ಮೆತ್ತನೆಯ ಬ್ರಷ್ಷಿನಿಂದ ಎಲ್ಲವನ್ನೂ ಬೆರೆಸಿ, ಕಣ್ಣಪಾಪೆಯಲ್ಲಿ ಬಿಳಿ ಚುಕ್ಕೆ ಇಟ್ಟು, ಕಿವಿಯ ತುದಿಗೆ ಬೆಳಕು ಹಾಯ್ದಂತೆ ಕೆಂಪು ಬಳಿದು, ಬೆನ್ನ ಹಿಂದಿನಿಂದ ಮೈಸುತ್ತ ಒಂದು ನೀಲಿ ಹೊಳಪಿನ ಗೆರೆ ಎಳೆದರೆ ಚಿತ್ರ ಪಾಲಿಶ್ ಆಯಿತು. ಈ ಇಡೀ ಕೆಲಸಕ್ಕೆ ರೆಂಡರಿಂಗ್ ಎನ್ನುತ್ತಾರೆ. ಒಟ್ಟು ಏನಿದ್ದರೂ ಹೊಳೆಯಬೇಕು ಎಂಬುದು ನನಗಾದ ಜ್ಞಾನೋದಯ.

ಅಭ್ಯಾಸಕ್ಕೆಂದು ಅಪ್ಪನ ಮುಖ ಬರೆದು ಅಂತರ್ಜಾಲದ ಒಂದು ಗುಂಪಿಗೆ ಹಾಕಿದೆ. ಎಲ್ಲಿಯವನೋ ಒಬ್ಬ, ಚಿತ್ರ ಚೆನ್ನಾಗಿದೆ, ಆದರೆ ಹಣೆಯ ಮೇಲಿನ ಹೈಲೈಟ್ ಅತಿಯಾಯಿತು, ಸ್ವಲ್ಪ ತಗ್ಗಿಸಿ ಎಂದು ಸಲಹೆ ಕೊಟ್ಟ. ಅದು ಹೈಲೈಟ್ ಅಲ್ಲ, ವಿಭೂತಿ. ಅಪ್ಪನಿಗೆ ಹೇಳಿದರೆ, "ಅವನ ಹಣಿ ಖಾಲಿ ಐತಿ ಅಂತ ಕಾಣಸ್ತೈತಿ" ಎಂದ.

ಇಷ್ಟರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಯಾಯಿತು. ಬಜಾರಿನಲ್ಲಿ ಎಲ್ಲರೂ ಬೋರ್ಡು ಬದಲಿಸಲು ಓಡಾಡಿದರು. ನಮ್ಮ ಅಂಗಡಿಯದ್ದು ತಗಡಿನ ಬೋರ್ಡು. ಮೊದಲು ಅದರ ಮೇಲೆ ಆಂಧ್ರಪ್ರದೇಶ ಎಂದಿತ್ತು. ತೆಲಂಗಾಣ ಬಂದಾಗ ಅಪ್ಪ ಅದರ ಮೇಲೆ ಬಣ್ಣ ಬಳಿಸಿ ತೆಲಂಗಾಣ ಎಂದು ಬರೆಸಿದ್ದ. ಮಳೆಗೆ ನೆಂದ ದಿನ ಹೊಸ ರಾಜ್ಯದ ಕೆಳಗಿನಿಂದ ಹಳೆ ರಾಜ್ಯ ಮಸುಕಾಗಿ ಕಾಣುತ್ತಿತ್ತು. ಈಗ ಮಹಬೂಬ್‌ನಗರ ಜಿಲ್ಲೆಯನ್ನೂ ಮುಚ್ಚಬೇಕಾಗಿ ಬಂತು. ಲೇಯರ್ ಎಂಬ ಮಾತು ನನಗೆ ಗೊತ್ತಾಗುವ ಮೊದಲೇ ನಮ್ಮ ಬೋರ್ಡು ಅದನ್ನು ಕಲಿತಿತ್ತು.

ಹೊಸ ಬೋರ್ಡು ಮಾಡಿಸುವುದೆಂದು ತೀರ್ಮಾನವಾದಾಗ ಅವ್ವ, ಸೀರೆಯುಟ್ಟ ಹೆಂಗಸಿನ ಚಿತ್ರವನ್ನು ಮಗಳೇ ಬರೆಯಲಿ ಎಂದಳು. ನನಗೆ ಬಿ.ಎಡ್. ಮಾಡಿಸಿ ಮೇಷ್ಟ್ರಮ್ಮನನ್ನಾಗಿ ಮಾಡಬೇಕೆಂದು ಅಪ್ಪ ಪಣ ತೊಟ್ಟ ಕಾಲ ಅದು. ಅಂಗಡಿಯ ಹಿಂದೆ ಹಳೆ ಗಂಟುಗಳನ್ನು ತುಂಬಿದ ಒಂದು ಗೋದಾಮು ಕೋಣೆಯಿತ್ತು. ಅದನ್ನು ನನ್ನ ಚಿತ್ರದ ಕೆಲಸಕ್ಕೆ ಕೊಡು ಎಂದು ನಾನು ಬೆನ್ನುಬಿದ್ದಿದ್ದೆ. ಅಪ್ಪ ಗಜಕಡ್ಡಿಯಿಂದ ಬೆನ್ನು ಕೆರೆದುಕೊಳ್ಳುತ್ತಾ ಫೈಸಲ್ ಮಾಡಿದ:

"ನೋಡವಾ, ಬೋರ್ಡು ನಿಂತ್ರ ಕೋಣಿ ನಿಂದು. ಇಳಿಸೋ ಪಾಳಿ ಬಂತಂದ್ರ ಬಿ.ಎಡ್. ಆಮ್ಯಾಲ ತಕರಾರು ಮಾಡಾಕ ಬರಬಾರದು."

ನಾನು ಒಪ್ಪಿದೆ. ಯುದ್ಧಕನ್ಯೆಯರನ್ನು ಗೆದ್ದವಳಿಗೆ ಸೀರೆ ಯಾವ ಲೆಕ್ಕ ಎಂಬ ಧೈರ್ಯ. ಚಿತ್ರದ ಹೆಂಗಸಿಗೆ ಅತ್ತೆಯ ಕಣ್ಣು, ಅವ್ವನ ಗದ್ದ ಕೊಟ್ಟೆ, ಕೈಗೊಂದು ಮೊರ ಕೊಟ್ಟೆ. ಮೆರೂನ್ ಬಣ್ಣದ ಚೌಕಳಿ ಸೀರೆ ಉಡಿಸಿದೆ, ನಮ್ಮೂರ ಸೀರೆಯ ದಡಿಯಲ್ಲಿರುವ ಗೋಪುರದ ಸಾಲನ್ನು ಒಂದೊಂದಾಗಿ ಬರೆದೆ. ಆಮೇಲೆ ಮೆತ್ತನೆಯ ಬ್ರಷ್ ಹಿಡಿದು ಕೂತೆ ನೋಡಿ. ಸೀರೆಯ ಪ್ರತಿ ಮಡಿಕೆಯ ಬೆನ್ನ ಮೇಲೂ ಬೆಳ್ಳಿಯಂಥ ಬೆಳಕು, ತೊಡೆಯ ಮೇಲೊಂದು ಬಿಳಿ ಪಟ್ಟಿ, ಸೆರಗಿನ ಸುತ್ತ ನೀಲಿ ಹೊಳಪು. ಅವಳು ಮೊರದ ಬದಲು ಕತ್ತಿ ಹಿಡಿದಿದ್ದರೂ ಯಾರೂ ಅನುಮಾನ ಪಡುತ್ತಿರಲಿಲ್ಲ.

ನಮ್ಮೂರ ಫ್ಲೆಕ್ಸ್ ಅಂಗಡಿಗಳೆಲ್ಲ ಹೊಸ ಜಿಲ್ಲೆಯ ಅಭಿನಂದನೆ ಮುದ್ರಿಸುವುದರಲ್ಲಿ ಮುಳುಗಿದ್ದರಿಂದ ಮಕ್ತಲ್‌ಗೆ ಹೋಗಿ ಅಚ್ಚು ಹಾಕಿಸಿದೆ. ಅಲ್ಲಿಯ ಫ್ಲೆಕ್ಸ್ ಅಂಗಡಿಯವರು ಬಹಳ ಉದಾರಿ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಚಿತ್ರಕ್ಕೆ ತಮ್ಮ ಕಾಣಿಕೆಯನ್ನೂ ಸೇರಿಸಿ ಅಚ್ಚು ತೆಗೆದಿದ್ದರು.

"ಜರಾ ಗ್ಲೋ ಕೊಟ್ಟೀನಮ್ಮಾ," ಎಂದರು. "ಲೀಡರ್‌ಗೋಳಿಗೆ ಕೊಡೋದು ಇದ. ನಿಮಗ ಫ್ರೀ."

ಅಂಗಡಿಯ ಬಾಗಿಲ ಪಕ್ಕದ ಗೋಡೆಗೆ ಆಳೆತ್ತರದ ಚೌಕಟ್ಟಿನಲ್ಲಿ ಅವಳನ್ನು ನಿಲ್ಲಿಸಿದೆವು. ಬಿಸಿಲು ಬಿದ್ದಾಗ ಎದುರಿನ ಹೋಟೆಲಿನವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಮೊದಲ ಜಗಳ ಮನೆಯಲ್ಲೇ ಆಯಿತು. "ದುಕಾನು ನಮ್ಮದು, ಮಾರಿ ನಿನ್ನ ಅತ್ತಿದು" ಎಂದು ಅವ್ವ ಮುಖ ಊದಿಸಿಕೊಂಡಳು. ಅತ್ತ ಫೋಟೋ ನೋಡಿದ ಅತ್ತೆ ಗದ್ವಾಲದಿಂದ ಫೋನು ಮಾಡಿ, "ನಿಮ್ಮವ್ವನ್ನ ಎಷ್ಟು ಚೆಂದ ಮಾಡೀಯವಾ, ಇದ್ದದ್ದು ಹಂಗಿಲ್ಲ ಬಿಡು" ಎಂದಳು. ನಾನು ಎರಡೂ ಕಡೆಯ ಸಿಟ್ಟನ್ನು ಯಶಸ್ಸಿನ ಲೆಕ್ಕಕ್ಕೆ ಬರೆದುಕೊಂಡೆ.

ನಿಜವಾದ ಪೆಟ್ಟು ಧನ್ವಾಡದಿಂದ ಬಂತು. ಅಲ್ಲಿಯ ಕುರುಬರ ಗಂಡ ಹೆಂಡತಿ ನಮ್ಮ ಕಾಯಂ ಗಿರಾಕಿಗಳು. ವರ್ಷವರ್ಷವೂ ಬಂದು, ಅಪ್ಪನ ಜೊತೆ ಚಹಾ ಕುಡಿದು, ಒಂದು ನೂಲಿನ ಸೀರೆ ಒಯ್ಯುತ್ತಿದ್ದರು. ಆ ದಿನ ಹೆಂಡತಿ ಒಬ್ಬಳೇ ಬಂದವಳು ಮೆಟ್ಟಿಲ ಮೇಲೆಯೇ ನಿಂತಳು. ಬೋರ್ಡನ್ನು ಕೆಳಗಿನಿಂದ ಮೇಲೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು:

"ನೀವೂ ಪಾಲಿಸ್ಟರ್ ಮಾರಾಕ ಹತ್ತೀರೇನ್ರೀ ಸಾವ್ಕಾರ್ರ?"

ಅಪ್ಪ ನಕ್ಕುಬಿಟ್ಟ. ಆದರೆ ಮಧ್ಯಾಹ್ನ ಕಾಲೇಜು ಹುಡುಗಿಯರಿಬ್ಬರು ಬಂದು ತೆಲುಗಿನಲ್ಲಿ, ಬೋರ್ಡಿನ ಮೇಲಿರುವಂಥ ಇಸ್ತ್ರಿ ಬೇಡದ ಸೀರೆ ತೋರಿಸಿ ಎಂದರು. ಮರುದಿನ ಒಬ್ಬಾಕೆ ಬಂದು, ಇದು ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಸಾಕಲ್ಲವೇ ಎಂದಳು. ನಮ್ಮ ಕಡೆಯ ಹೆಂಗಸರಿಗೆ ಸೀರೆಯನ್ನು ಮುಟ್ಟುವುದೂ ಬೇಕಿಲ್ಲ. ರಸ್ತೆಯ ಆಚೆ ದಂಡೆಯಿಂದಲೇ ನೂಲೋ, ರೇಷ್ಮೆಯೋ, ಮಿಲ್ಲಿನದೋ ಹೇಳುತ್ತಾರೆ. ಬೆಳಕು ಬಿದ್ದಾಗ ಮೈಯೆಲ್ಲ ಹಾಗೆ ಜಾರುವಂತೆ ಹೊಳೆಯುವುದು ಒಂದೇ ಬಟ್ಟೆ. ನಾನು ಗೋಪುರ, ಚೌಕಳಿ ಎಲ್ಲ ಸರಿಯಾಗಿ ಬರೆದು, ಬಟ್ಟೆಯನ್ನೇ ತಪ್ಪು ಬರೆದಿದ್ದೆ.

ಅಪ್ಪ ಹೊರಗೆ ಬಂದು ಚಿತ್ರದ ಸೆರಗಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಉಜ್ಜಿದ.

"ಪಾಲಿಸ್ಟರ್."

"ಅಪ್ಪಾ, ಅದು ಫ್ಲೆಕ್ಸು. ಪೂರಾ ಪ್ಲಾಸ್ಟಿಕ್ಕೇ ಐತಿ."

"ಫ್ಲೆಕ್ಸಿನ ಮಾತು ಯಾರು ಹೇಳ್ಯಾರ? ನಾ ಹೇಳೋದು ಸೀರಿ."

ಅಷ್ಟು ಹೇಳಿ ಒಳಗೆ ಹೋದ. ಮರುದಿನ ಶುಕ್ರವಾರ. ಬೆಳಿಗ್ಗೆ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅಪ್ಪ ಒಂದು ಅಸಲಿ ಮೆರೂನ್ ಸೀರೆಯನ್ನು ನೆರಿಗೆ ಹಿಡಿದು, ಬೋರ್ಡಿನ ಹೆಂಗಸಿಗೆ ಕುತ್ತಿಗೆಯಿಂದ ಪಾದದವರೆಗೆ ಇಳಿಬಿಟ್ಟು, ಪಿನ್ನು ಚುಚ್ಚಿದ್ದ. ಮುಖ ಮಾತ್ರ ಕಾಣುತ್ತಿತ್ತು. ಬಿಸಿಲಿಗೆ ಬಣ್ಣ ಹಾರಬಾರದೆಂದು ಮುಚ್ಚಿದೆ ಎಂದ. ಕೆಟ್ಟ ಮಾಲಿನ ಮೇಲೆ ಒಳ್ಳೆ ಸೀರೆ ಇಟ್ಟು ಮುಚ್ಚುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನನಗೆ ಅಳು ಬಂತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಳುವುದಕ್ಕೂ ಪುರಸೊತ್ತು ಸಿಗಲಿಲ್ಲ. ನೀವೇ ಯೋಚಿಸಿ: ಶುಕ್ರವಾರದ ಬೆಳಿಗ್ಗೆ, ಮುಖದ ತುಂಬ ಮಕ್ತಲ್‌ನ ಗ್ಲೋ, ಕೆಳಗೆ ಹೊಸ ಸೀರೆಯ ನೆರಿಗೆ. ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದ ಮುದುಕಿ ಚಪ್ಪಲಿ ಬಿಟ್ಟು ಕೈಮುಗಿದಳು. ಅವಳನ್ನು ನೋಡಿ ಹಿಂದಿನವಳು. ಹತ್ತು ಗಂಟೆಯ ಹೊತ್ತಿಗೆ ಯಾರೋ ದುಂಡು ಮಲ್ಲಿಗೆ ಏರಿಸಿದ್ದರು. ಎದುರಿನ ಹೋಟೆಲಿನವರು ಒಂದು ಕಾಯಿ ಒಡೆದೇಬಿಟ್ಟರು. ಅಪ್ಪ, "ಅಯ್ಯ, ಅದು ಬೋರ್ಡು ರೀ" ಎಂದು ಓಡಿ ಬರುವಷ್ಟರಲ್ಲಿ ತಡವಾಗಿತ್ತು, ಕಾಯಿಯ ನೀರು ಮೆಟ್ಟಿಲಿಳಿಯುತ್ತಿತ್ತು.

ಮಧ್ಯಾಹ್ನ, ಹೆಂಡತಿ ಬಿಟ್ಟುಹೋದ ಕೊಡೆ ಒಯ್ಯಲು ಧನ್ವಾಡದ ಕುರುಬಣ್ಣ ಬಂದರು. ಮೈಲಾರನ ಒಕ್ಕಲು; ಹೆಗಲ ಚೀಲದಲ್ಲಿ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಇಲ್ಲದೆ ಮನೆ ಬಿಡುವವರಲ್ಲ. ಒಂದು ಚಿಟಿಕೆ ತೆಗೆದು ಭಕ್ತಿಯಿಂದ ಅವಳ ಹಣೆಗೆ ಹಚ್ಚಿ, ಅಪ್ಪನನ್ನು ಕೇಳಿದರು:

"ಯಾವ ಊರ ಅಮ್ಮರೀ ಇಕಿ?"

"ಮಕ್ತಲ್" ಎಂದುಬಿಟ್ಟ ಅಪ್ಪ, ಗಾಬರಿಯಲ್ಲಿ.

ಸಂಜೆ ಮನೆಯಲ್ಲಿ ಪಂಚಾಯಿತಿ. ಭಂಡಾರ ಬಿದ್ದ ಮೇಲೆ, ಕಾಯಿ ಒಡೆದ ಮೇಲೆ, ಬೋರ್ಡನ್ನು ಸುಮ್ಮನೆ ಕಿತ್ತು ಮೂಲೆಗೆ ಒಗೆಯುವುದು ಹೇಗೆ ಎಂದು ಅಪ್ಪ ತಲೆ ಹಿಡಿದು ಕೂತಿದ್ದ. ಅವ್ವ ನನ್ನ ವಕೀಲಳಾದಳು.

"ಬೋರ್ಡು ಇಳಿಸೀಯೇನು? ಇಲ್ಲ. ಇಳಿಸಾಕ ಬರ್ತೈತೇನು? ಬರಂಗಿಲ್ಲ. ಅಂದಮ್ಯಾಲ ಕೋಣಿ ಅಕಿದು."

ಅಪ್ಪನಿಗೆ ಮಾತು ಅಂದರೆ ಮಾತು. ಎದ್ದು ಗೋದಾಮಿನ ಕೀಲಿ ತಂದು ನನ್ನ ಮುಂದಿಟ್ಟ. ಗೆದ್ದಿದ್ದೆ. ಅದನ್ನು ಮುಟ್ಟಲು ಕೈ ಹೋಗಲಿಲ್ಲ. ದೇವರೆಂದು ಜನ ಕೈಮುಗಿದದ್ದಕ್ಕೆ ಸಿಕ್ಕ ಕೋಣೆ. ಚಿತ್ರ ನೋಡಿ ಕೊಟ್ಟದ್ದಲ್ಲ. ನಾನೇ ಹೇಳಿದೆ, ಪೂಜೆ ಮಾಡಿ ಇಳಿಸು, ಇನ್ನೊಮ್ಮೆ ಬರೆಯುತ್ತೇನೆ, ಅದೂ ಕೆಟ್ಟರೆ ಬಿ.ಎಡ್.ಗೆ ನಾನೇ ಹೋಗುತ್ತೇನೆ. ಕೀಲಿ ಗೂಡಿಗೆ ಹೋಯಿತು. ಅವ್ವ ನನ್ನನ್ನು ಬೇಕೂಫಳೆಂದು ಬೈದು, ಮನಸ್ಸು ಹಗುರಾಗಲಿ ಎಂದು ಗದ್ವಾಲಕ್ಕೆ ಬಸ್ಸು ಹತ್ತಿಸಿದಳು.

ಮಕ್ತಲ್ ದಾಟಿ ಬಸ್ಸು ಜೂರಾಲ ಅಣೆಕಟ್ಟಿನ ಹತ್ತಿರ ಬಂದಾಗ ಕೃಷ್ಣೆಯ ಮೇಲಿನ ಗಾಳಿ ಕಿಟಕಿಯೊಳಗೆ ನುಗ್ಗಿತು. ಮುಂದಿನ ಸೀಟಿನಲ್ಲಿ ಗದ್ವಾಲ ಸೀರೆಯುಟ್ಟ ಹೆಂಗಸೊಬ್ಬಳಿದ್ದಳು. ಆ ಸೀರೆಯ ಒಡಲು ನೂಲಿನದು, ದಡಿ ರೇಷ್ಮೆಯದು. ಬೇರೆಬೇರೆ ನೇಯ್ದಂತಿರುವ ಎರಡನ್ನೂ ಮಗ್ಗದ ಮೇಲೆಯೇ ಕೂಡಿಸಿರುತ್ತಾರೆ. ಅವಳ ಸೆರಗು ಹಾರಿ ನನ್ನ ಕಣ್ಣೆದುರು ಬಂತು. ಬಿಸಿಲು ಅದರ ಹಿಂದಿತ್ತು. ದಡಿಯ ಮೇಲೆ ಬಿದ್ದ ಬೆಳಕು ಹೊಳೆದು ತಿರುಗಿ ಹೋಗುತ್ತಿತ್ತು. ನೂಲಿನ ಮೇಲೆ ಬಿದ್ದ ಬೆಳಕು ತಿರುಗಲಿಲ್ಲ. ಒಳಗೆ ಇಳಿದು, ಎಳೆಗಳ ನಡುವೆ ಹಾಯ್ದು, ಈಚೆ ಬಂದು ನನ್ನ ಕೈಮೇಲೆ ಕೆಂಪಗೆ ಬಿತ್ತು. ಕಿವಿಯ ತುದಿಗೆ ಹಾಯುವ ಬೆಳಕನ್ನು ವಿಡಿಯೋ ನೋಡಿ ಕಲಿತವಳಿಗೆ ಸೀರೆಯಲ್ಲಿ ಹಾಯುವ ಬೆಳಕು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಯಾರೋ ಜಗ್ಗಿದಂತಾಯಿತು.

ಆ ಹೆಂಗಸು ಹಿಂತಿರುಗಿದ್ದಳು. ಅವಳ ಸೆರಗಿನ ಅಂಚು ನನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಇತ್ತು. ನಾನು ಅದನ್ನು ಉಜ್ಜುತ್ತಿದ್ದೆ.

"ಏಮ್ಮಾ, ಕೊಂಟಾವಾ?" ಎಂದಳು. ಕೊಳ್ಳುತ್ತೀಯೇನು ಎಂದು ಕೇಳಿದ್ದು. ಇಡೀ ಬಸ್ಸು ನಕ್ಕಿತು. ಡಾಕ್ಟರರ ಕೋಟು ಉಜ್ಜಿದ ಅಪ್ಪನಿಗಾಗಿ ವರ್ಷಗಟ್ಟಲೆ ನಾಚಿದವಳು ನಾನು. ಆ ದಿನ ನನಗಾಗಿ ನಾಚುವವರು ಯಾರೂ ಜೊತೆಗಿರಲಿಲ್ಲ, ಎರಡು ಪಾಲೂ ನಾನೇ ನಾಚಿಕೊಂಡೆ.

ಗದ್ವಾಲ ಮುಟ್ಟಿದವಳೇ ನೀರೂ ಕುಡಿಯದೆ ಅತ್ತೆಯನ್ನು ಮಾಳಿಗೆ ಹತ್ತಿಸಿದೆ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲು, ಈ ಕಡೆ ತಿರುಗು, ಸೆರಗು ಎತ್ತಿ ಹಿಡಿ ಎಂದು ಕಾಡಿದೆ. ಅತ್ತೆ ಬೆವರಿಳಿಸುತ್ತ ನಿಂತಳು. ಕೆಳಗಿಳಿದ ಮೇಲೆ ನಾನು ಗೆರೆ ಎಳೆದು, ತಪ್ಪಿದಾಗ ಮಾಡಿದ್ದನ್ನು ಹಿಂದಕ್ಕೊಯ್ಯುವ ಅನ್‌ಡೂ ಒತ್ತಿ ಅಳಿಸುವುದನ್ನು ನೋಡಿ ಅವಳಿಗೆ ಆಶ್ಚರ್ಯ.

"ಒಂದ ಸಲಕ್ಕ ಹಿಂದ ಹೋಗ್ತೈತೇನು? ಎಷ್ಟು ಹಿಂದ ಹೋಗ್ತೈತಿ?" ಎಂದು ಕೇಳಿ, ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಾಮನ ಕಡೆ ನೋಡಿದಳು.

ಊರಿಗೆ ಬಂದು ಹೊಳಪಿನ ಲೇಯರನ್ನು ಪೂರ್ತಿ ಕಿತ್ತುಹಾಕಿದೆ. ಅಷ್ಟು ದಿನದ ದುಡಿಮೆ ಒಂದು ಗುಂಡಿ ಒತ್ತಿದ್ದಕ್ಕೆ ಮಾಯವಾಯಿತು. ಆದರೆ ಕೆಳಗೆ ಉಳಿದ ಚಪ್ಪಟೆ ಮೆರೂನ್ ಆಗಲೇ ಹೆಚ್ಚು ಸೀರೆಯಂತಿತ್ತು. ಮೆತ್ತನೆಯ ಬ್ರಷ್ ಬದಿಗಿಟ್ಟೆ. ಗಂಜಿ ಹಾಕಿದ ನೂಲು ಮೆತ್ತಗೆ ಬಾಗುವುದಿಲ್ಲ, ಮುರಿದಂತೆ ಮಡಚುತ್ತದೆ. ಆ ಮಡಿಕೆಗಳನ್ನು ಗಟ್ಟಿ ಅಂಚಿನ ಬ್ರಷ್ಷಿನಿಂದ ಕಡಿದೆ. ಬಟ್ಟೆ ಒಂದೇ ಪದರವಿದ್ದಲ್ಲಿ ಹಿಂದಿನ ಬೆಳಕು ಹಾಯುವಂತೆ ತಿಳಿ, ಎರಡು ಪದರ ಸೇರಿದಲ್ಲಿ ಗಾಢ. ನೆರಳಿಗೆ ಕಪ್ಪು ಬೆರೆಸದೆ ಅದೇ ಕೆಂಪನ್ನು ಇನ್ನಷ್ಟು ಆಳ ಮಾಡಿದೆ. ಚೌಕಳಿಗಳನ್ನು ಮಡಿಕೆಯ ಜೊತೆಗೇ ತಿರುಗಿಸಿದೆ. ಹೊಳಪು ಎಂದು ಇಟ್ಟದ್ದು ದಡಿಯ ಜರಿಯ ಮೇಲೆ ಮಾತ್ರ, ಅದನ್ನೂ ಅಲ್ಲಲ್ಲಿ ತುಂಡರಿಸಿ. ಅವ್ವನ ಹಳೆ ಸೀರೆಯೊಂದು ಆ ದಿನಗಳಲ್ಲಿ ನನ್ನ ಮಡಿಲಲ್ಲೇ ಇತ್ತು. ಬಲಗೈ ಬರೆಯುತ್ತಿದ್ದರೆ ಎಡಗೈ ಉಜ್ಜುತ್ತಿತ್ತು.

ಮಕ್ತಲ್‌ನಲ್ಲಿ ಈ ಸಲ ಚಹಾಕ್ಕೆ ಏಳಲಿಲ್ಲ. ಮಿಷನ್ನಿನ ಪಕ್ಕದಲ್ಲೇ ಕಾವಲು ಕೂತೆ. ಫ್ಲೆಕ್ಸ್ ಅಂಗಡಿಯವರು ಪರದೆ ನೋಡಿ ಸಂಕಟಪಟ್ಟರು.

"ಅಮ್ಮಾ, ಡಲ್ ಐತಲ್ಲ. ಒಂದೀಟು ಗ್ಲೋ?"

"ಬ್ಯಾಡ್ರಿ."

"ಮಾರಿಗಾದ್ರೂ?"

"ಎಲ್ಲೂ ಬ್ಯಾಡ್ರಿ."

ಹೊಳಪಿಲ್ಲದ ಹಾಳೆಯ ಮೇಲೆ ಅಚ್ಚು ಹಾಕಿ ಕೊಟ್ಟರು. ಆದರೆ ಮೂಲೆಯಲ್ಲಿ ತಮ್ಮ ಅಂಗಡಿಯ ಹೆಸರು ಹಾಕಲು ಒಪ್ಪಲಿಲ್ಲ. ಊರಲ್ಲಿ ತಮಗೂ ಒಂದು ಮರ್ಯಾದೆ ಇದೆ ಎಂದರು.

ಹಳೆ ಬೋರ್ಡಿಗೆ ಅವ್ವ ಮಂಗಳಾರತಿ ಮಾಡಿ ಇಳಿಸಿದಳು. ಅದನ್ನು ಎಲ್ಲಿಡುವುದೆಂಬ ಚಿಂತೆಯನ್ನು ಕುರುಬಣ್ಣ ಬಗೆಹರಿಸಿದರು. ಮಕ್ತಲ್‌ನ ಅಮ್ಮನನ್ನು ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಧನ್ವಾಡಕ್ಕೆ ನಡೆದರು. ಕುರಿಹಟ್ಟಿಯ ಬಾಗಿಲಲ್ಲಿ ಅವಳು ಈಗಲೂ ಭಂಡಾರ ಹಚ್ಚಿಸಿಕೊಂಡು ಹೊಳೆಯುತ್ತಿದ್ದಾಳಂತೆ. ತೋಳ ಹತ್ತಿರ ಬರುವುದಿಲ್ಲ ಎನ್ನುತ್ತಾರೆ. ಆ ಗ್ಲೋ ನೋಡಿದ ನಾನು ನಂಬುತ್ತೇನೆ.

ಹೊಸ ಬೋರ್ಡು ನಿಂತಿತು. ಅಪ್ಪ ಒಮ್ಮೆ ನೋಡಿ ಒಳಗೆ ಹೋಗಿ ಕೂತ. ಒಂದು ಮಾತಿಲ್ಲ. ದಿನಗಳು ಕಳೆದವು. ಪಾಲಿಸ್ಟರ್ ಕೇಳಿ ಯಾರೂ ಬರಲಿಲ್ಲ, ಯಾರೂ ಕಾಯಿ ಒಡೆಯಲಿಲ್ಲ. ಅವನು ಬೆಳಿಗ್ಗೆ ಕೈಯಲ್ಲಿ ಸೀರೆ ಹಿಡಿದು ಹೊರಗೆ ಹೋದಾಗಲೆಲ್ಲ ಮುಚ್ಚಲು ಹೋದನೋ ಎಂದು ನಾನು ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಬಿ.ಎಡ್. ಪ್ರವೇಶ ಪರೀಕ್ಷೆಯ ಪುಸ್ತಕವನ್ನು ತಂದು ಓದಲೂ ಶುರುಮಾಡಿದೆ.

ಮೊದಲ ಮಳೆ ಸುರಿದು ನಿಂತ ಬೆಳಿಗ್ಗೆ ಧನ್ವಾಡದ ಆ ಹೆಂಡತಿ ಬಂದಳು. ನಾನು ಒಳಗೆ ಕಪಾಟಿನ ಹಿಂದಿದ್ದೆ. ಅವಳು ಮತ್ತೆ ಮೆಟ್ಟಿಲ ಮೇಲೆ ನಿಂತು, ತಲೆ ವಾಲಿಸಿ ಬೋರ್ಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನಮ್ಮ ನೂಲಿಂದ ಐತಲ್ರೀ?" ಎಂದಳು.

ಅಪ್ಪ ಎದ್ದು ಹೊರಗೆ ಹೋದ. ಹೆಗಲ ವಸ್ತ್ರದಿಂದ ಚಿತ್ರದ ಮೇಲಿನ ಮಳೆಹನಿ ಒರೆಸಿದ. ಆಮೇಲೆ ಸೆರಗಿನ ಅಂಚು ಹಿಡಿಯಲು ಬೆರಳು ಚಾಚಿದ. ಬಿಗಿದ ಫ್ಲೆಕ್ಸಿನಲ್ಲಿ ಹಿಡಿಯಲು ಅಂಚೆಲ್ಲಿ? ಬೆರಳು ಜಾರಿತು. ಆದರೂ ಅಲ್ಲೇ ಬೆರಳಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಉಜ್ಜಿದ. ನಾನು ಕಪಾಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಪ್ಪ ಕಣ್ಣು ಬಿಟ್ಟ.

"ಎರಡು ಸಲ ಒಗೀರಿ," ಎಂದ. "ಇನ್ನಾ ಮೆತ್ತಗಾಗ್ತೈತಿ."

ನಾನು ಮನೆಗೆ ಓಡಿ, ಗೂಡಿನಿಂದ ಕೀಲಿ ತಂದು ಗೋದಾಮಿನ ಬಾಗಿಲು ತೆಗೆದೆ. ಹಳೆ ಗಂಟುಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸಿ, ಕಿಟಕಿಯ ಹತ್ತಿರ ಮೇಜಿಗೆ ಜಾಗ ಮಾಡತೊಡಗಿದೆ.